ಬೆಣಚುಕಲ್ಲಿನ ಎದುರು

ರಾತ್ರಿ ಹತ್ತು ದಾಟಿದೆ. ಪೆನ್ನಾಗರಂ ತಾಲ್ಲೂಕಿನ ಒಂದು ರಾಗಿ ಹೊಲದ ಬದುವಿನ ಮೇಲೆ ನಿಂತಿದ್ದೀರಿ. ಪಡುವಲಿಗೆ ಇಳಿದರೆ ಹೊಗೇನಕಲ್, ಕಾವೇರಿ. ಆ ನೀರಿನ ತೇವ ಈ ದಿಬ್ಬದವರೆಗೆ ಬರುವುದಿಲ್ಲ. ಹೊಲದ ನಡುವೆ ಎರಡು ಲಾರಿ ನಿಂತಿವೆ. ಒಂದರ ಮೇಲೆ ಕಬ್ಬಿಣದ ಕಂಬ ನೆಟ್ಟಗೆ ಎದ್ದಿದೆ. ಇನ್ನೊಂದರ ತುಂಬ ರಾಡು, ಕೇಸಿಂಗ್ ಪೈಪು, ಡೀಸೆಲ್ ಪೀಪಾಯಿ, ಆಳುಗಳ ಅಡುಗೆ ಸಾಮಾನು, ಒಣಗಲು ಹಾಕಿದ ಲುಂಗಿ. ನಂಬರ್ ಪ್ಲೇಟಿನ ಮೇಲೆ ಟಿಎನ್ 34, ಅಂದರೆ ತಿರುಚೆಂಗೋಡು. 1997ರಲ್ಲಿ ನಾಮಕ್ಕಲ್ ಜಿಲ್ಲೆ ಆಗುವವರೆಗೆ ಆ ಊರು ಸೇಲಂ ಜಿಲ್ಲೆಗೇ ಸೇರಿತ್ತು. ಕೋಲಾರದಿಂದ ವಿಜಯಪುರದವರೆಗೆ ಕೊಳವೆಬಾವಿ ಕೊರೆಸಿದ ರೈತರಿಗೆಲ್ಲ ಈ ಲಾರಿಗಳ ಗುರುತು ಚೆನ್ನಾಗಿ ಗೊತ್ತು.

ಪಾಯಿಂಟಿನ ಹತ್ತಿರ ತೆಂಗಿನಕಾಯಿಯ ಹೋಳು, ಕರ್ಪೂರದ ಕಪ್ಪು ಇನ್ನೂ ಕಾಣುತ್ತಿವೆ. ಅದರ ಮೇಲೆ ಈಗ ಬೂದುಬಣ್ಣದ ಪುಡಿ ಕೂರುತ್ತಿದೆ. ಕಂಪ್ರೆಸರಿನ ಮೊರೆತಕ್ಕೆ ಪಕ್ಕದಲ್ಲಿರುವವರ ಮಾತೂ ಕೇಳದು. ಎಲ್ಲ ಕೈಸನ್ನೆಯಲ್ಲೇ ನಡೆಯುತ್ತಿದೆ. ಪಾದ ಊರಿ ನಿಂತರೆ ನೆಲದೊಳಗಿನ ಇನ್ನೊಂದು ಬಡಿತ ಹಿಮ್ಮಡಿಯಿಂದ ಮೇಲೇರುತ್ತದೆ. ಹೊಡೆಯುವ ಹ್ಯಾಮರ್ ಲಾರಿಯ ಮೇಲಿಲ್ಲ, ತೂತಿನ ತಳದಲ್ಲಿದೆ. ರಾಡಿನ ಟೊಳ್ಳಿನೊಳಗೆ ಇಳಿದ ಒತ್ತಡದ ಗಾಳಿ ಅಲ್ಲಿರುವ ಪಿಸ್ಟನ್ನನ್ನು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಬಿಟ್ಟಿನ ತಲೆಗೆ ಬಡಿಸುತ್ತದೆ. ಮೇಲಿನ ಯಂತ್ರದ ಕೆಲಸ ರಾಡನ್ನು ನಿಧಾನಕ್ಕೆ, ನಿಮಿಷಕ್ಕೆ ಇಪ್ಪತ್ತರ ಆಸುಪಾಸು ಸುತ್ತು, ತಿರುಗಿಸುವುದು. ಹಾಗೆ ತಿರುಗುವುದರಿಂದ ಪ್ರತಿ ಹೊಡೆತವೂ ಹೊಸ ಕಲ್ಲಿನ ಮೇಲೆ ಬೀಳುತ್ತದೆ. ಪುಡಿಯಾದ ಕಲ್ಲನ್ನು ಅದೇ ಗಾಳಿ ಮೇಲಕ್ಕೆ ಊದಿ ತರುತ್ತದೆ.

ಒಬ್ಬ ಹುಡುಗ ಒಂದೊಂದು ರಾಡು ಇಳಿದಾಗಲೂ ಒಂದು ಬೊಗಸೆ ಪುಡಿಯನ್ನು ಸಾಲಾಗಿ ಗುಡ್ಡೆ ಹಾಕುತ್ತಿದ್ದಾನೆ. ಮೊದಲ ಗುಡ್ಡೆಗಳು ಕೆಂಪು. ಆಮೇಲೆ ಹಳದಿ ತಿರುಗಿದ ಕೊಳೆಗಲ್ಲು. ಅಲ್ಲಿಂದಾಚೆಗೆ ಒಂದೇ ಸಮ ಬೂದು, ನಡುನಡುವೆ ಬಿಳಿ ಮಿನುಗು. ಒಂದು ಚಿಟಿಕೆ ತೆಗೆದು ಹಲ್ಲಿನ ನಡುವೆ ಇಟ್ಟು ನೋಡಿ. ಕರಕರ ಎನ್ನುವುದು ಬೆಣಚು.

ಇಡೀ ರಾತ್ರಿಯ ಜಗಳ ಇದರ ಜೊತೆಗೇ. ಧರ್ಮಪುರಿಯ ನೆಲದಡಿ ಹಾಸಿರುವುದು ನೈಸ್ ಶಿಲೆ. ಸೇಲಂ ಕಡೆಗೆ ಹೋದರೆ ಸೇರ್ವರಾಯನ್ ಬೆಟ್ಟದ ಚಾರ್ನೊಕೈಟ್. ಎರಡಕ್ಕೂ ಇನ್ನೂರೈವತ್ತು ಕೋಟಿ ವರ್ಷದ ಆಸುಪಾಸಿನ ವಯಸ್ಸು. ಧರ್ಮಪುರಿಯಲ್ಲಿ ಸಿಕ್ಕ ನೊಳಂಬರ 9ನೇ ಶತಮಾನದ ಕನ್ನಡ ಶಾಸನಗಳು ಸಾವಿರ ವರ್ಷ ಮಳೆ ಬಿಸಿಲು ಕಂಡೂ ಓದಲು ಸಿಕ್ಕಿದ್ದು ಈ ನೆಲದ ಕಲ್ಲಿನ ಗಟ್ಟಿತನದಿಂದಲೇ. ಹತ್ತರ ಗಡಸುತನದ ಪಟ್ಟಿಯಲ್ಲಿ ಬೆಣಚಿಗೆ ಏಳನೆಯ ಸ್ಥಾನ. ಸಾಮಾನ್ಯ ಉಕ್ಕು ಅದಕ್ಕಿಂತ ಕೆಳಗಿದೆ. ಉಕ್ಕಿನ ಉಳಿ ಬೆಣಚನ್ನು ಒಡೆಯಬಲ್ಲದು, ಆದರೆ ಹೊಡೆತ ಹೊಡೆತಕ್ಕೂ ತಾನು ಮೊಂಡಾಗುತ್ತದೆ.

ಕಂಪ್ರೆಸರಿನ ಮೊರೆತ ಇಳಿಯುತ್ತದೆ. ಹಠಾತ್ತನೆ ಜೀರುಂಡೆಯ ಸದ್ದು ಕೇಳಿಸುತ್ತದೆ. ಟವೆಲ್ಲಿನಿಂದ ಮೂಗು ಬಾಯಿ ಕಟ್ಟಿಕೊಂಡ ಡ್ರಿಲ್ಲರ್ ಲಿವರ್ ಬಿಟ್ಟು ಕೆಳಗಿಳಿಯುತ್ತಾನೆ. ಹೊಲದ ಯಜಮಾನರು ಕಂಬಳಿ ಹೊದ್ದು ಅವನ ಹತ್ತಿರ ಬರುತ್ತಾರೆ. ಮನೆಮಾತು ಕನ್ನಡ, ಸಂತೆಮಾತು ತಮಿಳು ಅವರದು. ಡ್ರಿಲ್ಲರಿನ ಕನ್ನಡ ಚಿತ್ರದುರ್ಗ, ತುಮಕೂರು ಸುತ್ತಿ ಕಲಿತದ್ದು.

“ಎಷ್ಟಾಯ್ತು ತಂಬಿ?”

“ಮುನ್ನೂರ ಎಂಬತ್ತು ಅಡಿ, ಗೌಡ್ರೇ. ಕಲ್ಲು ಭಾಳ ಗಟ್ಟಿ ಬರ್ತಿದೆ. ಬಿಟ್ ಎತ್ತಿ ನೋಡ್ಬೇಕು.”

“ಈಗ್ಲೇನಾ? ನೀರು ಹತ್ರಕ್ಕೆ ಬಂದಿದ್ರೆ?”

“ಬಿಟ್ ಒಳಗೆ ಕಚ್ಕೊಂಬಿಟ್ರೆ ನೀರೂ ಇಲ್ಲ, ಬೋರೂ ಇಲ್ಲ ಅಣ್ಣಾ.”

ಇಪ್ಪತ್ತು ಅಡಿಯ ಹತ್ತೊಂಬತ್ತು ರಾಡುಗಳನ್ನು ಒಂದೊಂದಾಗಿ ಬಿಚ್ಚಿ ಮೇಲೆತ್ತಬೇಕು. ಛತ್ತೀಸಗಡದಿಂದ, ಒಡಿಶಾದಿಂದ ಬಂದ ಹುಡುಗರು ಮಾತಿಲ್ಲದೆ ಆ ಕೆಲಸ ಮಾಡುತ್ತಾರೆ. ಸ್ಪ್ಯಾನರ್ ಬೀಳುವ ಸದ್ದು, ರಾಡಿಗೆ ರಾಡು ತಾಗುವ ಸದ್ದು. ಕೊನೆಯಲ್ಲಿ ಹ್ಯಾಮರ್, ಅದರ ಮೂತಿಗೆ ಆರೂವರೆ ಇಂಚಿನ ಬಿಟ್. ಮುಟ್ಟಬೇಡಿ, ಕೈ ಸುಡುತ್ತದೆ. ಟಾರ್ಚು ಹಿಡಿದು ನೋಡಿ.

ಉಕ್ಕಿನ ತಲೆಯ ತುಂಬ ಹದಿನೈದಿಪ್ಪತ್ತು ಗುಂಡಿಗಳು ಉಬ್ಬಿ ನಿಂತಿವೆ. ಕಲ್ಲಿಗೆ ತಾಗುವುದು ಇವು ಮಾತ್ರ, ಉಳಿದ ಉಕ್ಕೆಲ್ಲ ಇವನ್ನು ಹಿಡಿದಿಡಲು. ಹೊಸದರಲ್ಲಿ ಇವುಗಳ ತಲೆ ನುಣ್ಣಗೆ ದುಂಡಗಿರುತ್ತದೆ. ಈಗ ಅಂಚಿನ ಸಾಲಿನವು ಚಪ್ಪಟೆಯಾಗಿ ಹೊಳೆಯುತ್ತಿವೆ. ನಡುವಿನವು ಅಷ್ಟು ಸವೆದಿಲ್ಲ. ಒಂದು ಸುತ್ತಿಗೆ ಹೆಚ್ಚು ದೂರ ಓಡುವುದೂ ತೂತಿನ ಗೋಡೆಗೆ ಉಜ್ಜುವುದೂ ಅಂಚಿನ ಸಾಲೇ. ಅವು ಸವೆದಂತೆ ತೂತಿನ ಅಗಲ ಕೂದಲೆಳೆಯಷ್ಟು ಕುಗ್ಗುತ್ತ ಹೋಗುತ್ತದೆ. ಆಗ ಹೊಸ ಬಿಟ್ ಹಾಕಿ ಇಳಿಸಿದರೆ ಅದು ನಡುದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಡ್ರಿಲ್ಲರ್ ಲಾರಿಯ ಪೆಟ್ಟಿಗೆಯಿಂದ ಹೊಚ್ಚಹೊಸ ಬಿಟ್ ತೆಗೆಯುವುದಿಲ್ಲ. ಹೊರಬಂದದ್ದಕ್ಕಿಂತ ಒಂದಿಷ್ಟೇ ಸಣ್ಣದಾದ, ಅರ್ಧ ಆಯುಷ್ಯ ಮುಗಿಸಿ ಸಾಣೆ ಹಿಡಿಸಿಕೊಂಡು ಬಂದ ಇನ್ನೊಂದನ್ನು ಕ್ಯಾಲಿಪರ್ ಇಟ್ಟು ಆರಿಸುತ್ತಾನೆ. ಈ ಲೆಕ್ಕ ಗೊತ್ತಿಲ್ಲದವನ ಕೈಗೆ ರಿಗ್ ಕೊಡುವುದಿಲ್ಲ.

ಆ ಗುಂಡಿಗಳು ಟಂಗ್‌ಸ್ಟನ್ ಕಾರ್ಬೈಡ್. ಟಂಗ್‌ಸ್ಟನ್ ಲೋಹ ಇಂಗಾಲದೊಡನೆ ಕೂಡಿ ಆದ ಹರಳು, ಬೆಣಚಿಗಿಂತ ಬಹಳ ಗಡಸು. ಆದರೆ ಬರಿಯ ಹರಳು ಗಾಜಿನ ಜಾತಿಯದು, ಒಂದೇ ಪೆಟ್ಟಿಗೆ ಸಿಡಿದುಹೋಗುತ್ತದೆ. ಅದಕ್ಕೆ ಕೆಲವೇ ಮೈಕ್ರಾನ್ ಗಾತ್ರದ ಹರಳುಗಳ ಪುಡಿಗೆ ನೂರಕ್ಕೆ ಆರರಿಂದ ಹತ್ತು ಭಾಗ ಕೋಬಾಲ್ಟ್ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಕೋಬಾಲ್ಟ್ ಕರಗಿ ಹರಳುಗಳ ಸಂದಿಗಳಲ್ಲಿ ಹರಡಿಕೊಂಡು ಅವನ್ನು ಕಟ್ಟಿಹಾಕುತ್ತದೆ. ಹಳೆಯ ಕೋಟೆಗೋಡೆ ನೆನೆಸಿಕೊಳ್ಳಿ. ಕಲ್ಲು ಹರಳು, ಗಾರೆ ಕೋಬಾಲ್ಟ್. ಮಳೆ ಕಲ್ಲನ್ನು ಏನೂ ಮಾಡಲಾರದು, ಆದರೆ ವರ್ಷ ವರ್ಷ ಗಾರೆಯನ್ನು ತೊಳೆಯುತ್ತದೆ. ಗಾರೆ ಹೋದ ದಿನ ಕಲ್ಲು ತಾನಾಗಿ ಕಳಚಿ ಬೀಳುತ್ತದೆ. ಬೆಣಚಿನ ಪುಡಿ ಕಾರ್ಬೈಡನ್ನು ಸವೆಸುವುದೂ ಹೀಗೆಯೇ. ಮೊದಲು ಮೆತ್ತಗಿನ ಕೋಬಾಲ್ಟ್ ಅರೆದುಹೋಗುತ್ತದೆ. ಹರಳು ಒಂಟಿಯಾಗಿ ತಲೆಯೆತ್ತಿ ನಿಲ್ಲುತ್ತದೆ. ಮುಂದಿನ ಪೆಟ್ಟಿಗೆ ಕಿತ್ತು ಬರುತ್ತದೆ.

ಸವೆತದ ವಿಷಯದಲ್ಲಿ ನಾನು ಕಲಿತದ್ದೆಲ್ಲ ಈ ಬಿಟ್ಟಿನ ತಲೆಯ ಮೇಲೆ ಬರೆದಿದೆ. ಗಡಸುತನದ ಅಂಕಿ ನೋಡಿ ಬೆಲೆ ಕಟ್ಟುವವರು ಅರ್ಧ ಮಾತ್ರ ನೋಡುತ್ತಾರೆ. ವಸ್ತು ಎಷ್ಟು ಗಟ್ಟಿ ಎನ್ನುವುದಕ್ಕಿಂತ ಅದರ ಕಣಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿವೆ ಎನ್ನುವುದೇ ಆಯುಷ್ಯವನ್ನು ತೀರ್ಮಾನಿಸುತ್ತದೆ.

ಕಾರ್ಬೈಡ್ ಈ ಸೀಮೆಗೆ ಹೊಸ ನೆಂಟನೇನಲ್ಲ. ಸೇಲಂ, ಮೈಸೂರು ಸೀಮೆಗಳಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣಕ್ಕೆ ಇಂಗಾಲ ಉಣಿಸಿ ಉಕ್ಕು ಮಾಡುತ್ತಿದ್ದರು. ಅಂಥ ಉಕ್ಕಿನ ಕತ್ತಿಯ ಅಲಗಿನ ಮೇಲೆ ತೇಲುವ ಅಲೆಗೆರೆಗಳು ಸಾಲುಗಟ್ಟಿದ ಕಬ್ಬಿಣದ ಕಾರ್ಬೈಡ್ ಕಣಗಳೇ. ಸೇಲಂ ಊರಿಗೆ ಅಂಟಿದಂತಿರುವ ಕಂಜಮಲೈ ಬೆಟ್ಟದಲ್ಲಿ ಕಾಂತದ ಅದಿರೂ ಬೆಣಚೂ ಪದರಪದರವಾಗಿ ಕೂಡಿವೆ. 1830ರ ಹೊತ್ತಿಗೆ ಜೋಸೈಯಾ ಹೀತ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಸೇಲಂ ಅದಿರನ್ನು ನಂಬಿ ಪೋರ್ಟೊ ನೊವೊದಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿದ. ಟಂಗ್‌ಸ್ಟನ್ನಿನದು ಬೇರೆ ದಾರಿ. ವಿದ್ಯುದ್ದೀಪದ ತಂತಿ ಎಳೆಯಲು ವಜ್ರದ ಅಚ್ಚು ಬೇಕಿತ್ತು, ವಜ್ರ ದುಬಾರಿ. ಬರ್ಲಿನ್ನಿನ ಓಸ್ರಾಮ್ ಕಂಪನಿಯ ಕಾರ್ಲ್ ಶ್ರೋಟರ್ 1923ರಲ್ಲಿ ಕೋಬಾಲ್ಟ್ ಬೆರೆಸಿದ ಕಾರ್ಬೈಡಿಗೆ ಪೇಟೆಂಟ್ ಪಡೆದ. ಕ್ರುಪ್ ಕಂಪನಿ ಅದನ್ನು ವಿಡಿಯಾ ಎಂಬ ಹೆಸರಿನಲ್ಲಿ ಮಾರಿತು. 1964ರಲ್ಲಿ ಆ ಹೆಸರೇ ಬೆಂಗಳೂರಿನ ತುಮಕೂರು ರಸ್ತೆಗೆ ಕಾರ್ಖಾನೆಯಾಗಿ ಬಂತು. 1967ರ ಬರದಲ್ಲಿ ಯುನಿಸೆಫ್ ಗಾಳಿ ಹ್ಯಾಮರಿನ ರಿಗ್ಗುಗಳನ್ನು ಭಾರತಕ್ಕೆ ತಂದ ಮೇಲೆ, ವಾರಗಟ್ಟಲೆ ಹಿಡಿಯುತ್ತಿದ್ದ ಗಟ್ಟಿಕಲ್ಲಿನ ಬಾವಿ ಒಂದು ರಾತ್ರಿಯ ಕೆಲಸವಾಯಿತು. ಅಂತರ್ಜಲದ ಕತೆ ತಿರುಗಿದ್ದೇ ಅಲ್ಲಿ.

ಬಿಟ್ ಬದಲಾಯಿತು, ರಾಡು ಇಳಿಯುತ್ತಿವೆ. ಮತ್ತೆ ಪುಡಿ ಏಳುತ್ತದೆ. ಲೈಟಿನ ಬೆಳಕಿನಲ್ಲಿ ಅದು ಚೆಂದ ಕಾಣುತ್ತದೆ, ಅಷ್ಟೇ ಭಯವನ್ನೂ ಹುಟ್ಟಿಸಬೇಕು. ಬೆಣಚಿನ ನವುರು ಧೂಳು ಶ್ವಾಸಕೋಶದ ಆಳಕ್ಕೆ ಹೋಗಿ ಕೂತರೆ ಹೊರಬರುವುದಿಲ್ಲ. ಸಿಲಿಕೋಸಿಸ್‌ಗೆ ಮದ್ದಿಲ್ಲ. ಇಲ್ಲಿಂದ ಹೆಚ್ಚು ದೂರವಿಲ್ಲದ ಕೋಲಾರ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43ಕ್ಕೂ ಹೆಚ್ಚು ಮಂದಿಯಲ್ಲಿ ಈ ಕಾಯಿಲೆ ಕಂಡಿತ್ತು. ಆ ಗಣಿಗೆ ಇಳಿದವರಲ್ಲಿ ಸೇಲಂ, ಉತ್ತರ ಆರ್ಕಾಟು ಕಡೆಯವರು ಬಹಳ. ಗಾಳಿಯ ಜೊತೆಗೆ ಒಂದಿಷ್ಟು ನೀರು ಬಿಟ್ಟರೆ ಧೂಳು ಕೆಸರಾಗಿ ಹರಿಯುತ್ತದೆ. ಅದಕ್ಕೆ ಬೇಕಾದ್ದು ಒಂದು ಪಂಪು, ಒಂದು ಟ್ಯಾಂಕರ್ ನೀರು. ನೀರೇ ಇಲ್ಲದ ಹೊಲದಲ್ಲಿ ಆ ಟ್ಯಾಂಕರ್ ಯಾರು ತರಿಸಬೇಕು ಎಂಬ ಚೌಕಾಸಿಯಲ್ಲಿ ಹುಡುಗರು ಒಣ ಧೂಳನ್ನೇ ಉಸಿರಾಡುತ್ತಾರೆ. ಬಿಟ್ಟಿನ ಸವೆತಕ್ಕೆ ಕ್ಯಾಲಿಪರ್ ಇಡುವ ದಂಧೆ, ಅದನ್ನು ಹೊತ್ತು ಇಳಿಸುವವನ ಎದೆಯ ಚಿತ್ರವನ್ನು ವರ್ಷಕ್ಕೊಮ್ಮೆಯಾದರೂ ತೆಗೆಸಬೇಕು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಚಪ್ಪಟೆಯಾದ ಬಿಟ್ ವಜ್ರದ ಸಾಣೆಗೆ ಹೋಗುತ್ತದೆ. ಅಲ್ಲಿ ಗುಂಡಿಗಳ ತಲೆಯನ್ನು ಮತ್ತೆ ದುಂಡಗೆ ಮಾಡುತ್ತಾರೆ. ಕೆಲವು ಸಲ ಸಾಣೆ ಕಂಡು, ಉಕ್ಕಿನ ತಲೆಯೇ ಸವೆದು ಗುಂಡಿಗಳು ಸಡಿಲವಾದ ದಿನ ಅದು ಗುಜರಿ. ಗುಜರಿಯಲ್ಲೂ ಕಾರ್ಬೈಡಿಗೆ ಕೆಜಿ ಲೆಕ್ಕದಲ್ಲಿ ಒಳ್ಳೆಯ ಬೆಲೆ ಇದೆ. ಕರಗಿಸಿದ ಸತುವಿನಲ್ಲಿ ಅದ್ದಿ, ಆಮೇಲೆ ಸತುವನ್ನು ಆವಿಯಾಗಿ ಹಾರಿಸಿದರೆ ಗಟ್ಟಿ ಗುಂಡಿಯೂ ಮೆದುವಾಗಿ ಪುಡಿಯಾಗುತ್ತದೆ. ಹಾಗೆ ಮರಳಿ ಬಂದ ಪುಡಿ ಮತ್ತೆ ಗುಂಡಿಯಾಗಬಹುದು. ಇಲ್ಲವೇ ಬೆಂಕಿಯ ಬಾಯಿಂದ ಹಾರಿ ಇನ್ನೊಂದು ಲೋಹದ ಮೈಗೆ ಚರ್ಮವಾಗಬಹುದು.

ಆ ಚರ್ಮ ನೋಡಲು ಹೊಸೂರಿಗೆ ಬನ್ನಿ. ಆ ಊರೂ 2004ರವರೆಗೆ ಧರ್ಮಪುರಿ ಜಿಲ್ಲೆಯಲ್ಲೇ ಇತ್ತು. ಕೈಗಾರಿಕಾ ಪ್ರದೇಶದ ಒಂದು ಶೆಡ್ಡು, ಅದರೊಳಗೆ ಸದ್ದು ಹೊರಗೆ ಬಿಡದ ದಪ್ಪ ಗೋಡೆಯ ಕೋಣೆ. ಕಿವಿಗೆ ಮಫ್ ಹಾಕಿಕೊಳ್ಳಿ. ಗಾಜಿನ ಕಿಂಡಿಯಿಂದ ಕಾಣುವುದು ಕಲ್ಲಿದ್ದಲು ಸ್ಥಾವರದ ದೊಡ್ಡ ಫ್ಯಾನಿನ ಒಂದು ರೆಕ್ಕೆ. ಈಗಷ್ಟೇ ಅಲ್ಯೂಮಿನಾ ಹರಳುಗಳಿಂದ ಹೊಡೆದು ಅದರ ಮೈಯನ್ನು ಒರಟು ಮಾಡಿದ್ದಾರೆ. ಹೊಳಪು ಹೋಗಿ ಮಂಕಾಗಿದೆ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಎಣ್ಣೆ ಅಂಟುತ್ತದೆಂದು ಹುಡುಗರು ಗ್ಲೌಸ್ ಹಾಕಿಯೇ ಎತ್ತಿದ್ದಾರೆ. ಹೆಚ್ಚು ಹೊತ್ತು ಹೀಗೇ ಬಿಟ್ಟರೆ ಗಾಳಿಗೆ ತುಕ್ಕಿನ ಪೊರೆ ಕೂರುತ್ತದೆ. ಹೊದಿಕೆ ಈ ಮೈಗೆ ಬೆಸುಗೆಯಾಗುವುದಿಲ್ಲ. ಒರಟಿನ ಏರುತಗ್ಗಿನಲ್ಲಿ ಸಿಕ್ಕಿ ಕಚ್ಚಿಕೊಂಡು ನಿಲ್ಲುತ್ತದೆ, ಅಷ್ಟೇ. ಹಾಗಾಗಿ ಮುಕ್ಕಾಲು ಕೆಲಸ ಗನ್ ಹೊತ್ತಿಸುವ ಮೊದಲೇ ಮುಗಿದಿರುತ್ತದೆ. ಹೊದಿಕೆ ಎದ್ದು ಬಂದ ಕಡೆಯಲ್ಲೆಲ್ಲ ನನ್ನ ಅನುಮಾನ ಮೊದಲು ಹೋಗುವುದು ಈ ಅರ್ಧ ಗಂಟೆಯ ಮೇಲೆ.

ರೋಬೋ ಕೈ ಗನ್ನನ್ನು ಎತ್ತುತ್ತದೆ. ಆಮ್ಲಜನಕವೂ ಇಂಧನವೂ ಸಣ್ಣ ಕೋಣೆಯೊಳಗೆ ಒತ್ತಡದಲ್ಲಿ ಉರಿದು, ಕೊಳವೆಯಿಂದ ಶಬ್ದಕ್ಕಿಂತ ವೇಗವಾಗಿ ಹೊರನುಗ್ಗುತ್ತವೆ. ಜ್ವಾಲೆಯ ಉದ್ದಕ್ಕೂ ಬೆಳಕಿನ ಮಣಿಗಳು ಸಾಲಾಗಿ ಅಲುಗದೆ ನಿಲ್ಲುತ್ತವೆ. ಅತಿವೇಗದ ಗಾಳಿಯಲ್ಲಿ ಏಳುವ ಆಘಾತದ ಅಲೆಗಳು ಅವು. ಪುಡಿ ಆ ಹೊಳೆಗೆ ಬೀಳುತ್ತದೆ. ಹದಿನೈದರಿಂದ ನಲವತ್ತೈದು ಮೈಕ್ರಾನಿನ ಉಂಡೆಗಳು, ಪ್ರತಿಯೊಂದರಲ್ಲೂ ಹರಳು ಮತ್ತು ಕೋಬಾಲ್ಟ್. ಸೆಕೆಂಡಿಗೆ ಐನೂರು ಮೀಟರಿಗೂ ಮಿಕ್ಕಿದ ವೇಗದಲ್ಲಿ ಬಂದು ರೆಕ್ಕೆಗೆ ಅಪ್ಪಳಿಸಿ ಚಪ್ಪಟೆಯಾಗುತ್ತವೆ. ಒಂದರ ಮೇಲೊಂದು ಬಿದ್ದು ಪದರವಾಗುತ್ತವೆ. ಗನ್ ಹೋಗುತ್ತದೆ, ಬರುತ್ತದೆ. ಮಿಲಿಮೀಟರಿನ ಕಾಲುಭಾಗದಷ್ಟು ದಪ್ಪಕ್ಕೆ ಎಷ್ಟೋ ಸಲ ಓಡಾಡಬೇಕು.

ಇಲ್ಲಿ ಬಿಸಿ ಹೆಚ್ಚಾದರೆ ಕೆಲಸ ಕೆಟ್ಟಿತು. ಶಾಖ ಮೀರಿದರೆ ಕಾರ್ಬೈಡ್ ತನ್ನ ಇಂಗಾಲವನ್ನು ಕಳೆದುಕೊಳ್ಳುತ್ತದೆ. ಉಳಿಯುವುದು ಇಂಗಾಲ ಕಡಿಮೆಯಾದ ಇನ್ನೊಂದು ಕಾರ್ಬೈಡ್. ಅದೂ ಗಡಸೇ, ಆದರೆ ಬೇಗ ಬಿರಿಯುವಂಥದು. ಕರಗಿದ ಟಂಗ್‌ಸ್ಟನ್ ಹೊಕ್ಕ ಕೋಬಾಲ್ಟೂ ತನ್ನ ಮಣಿಯುವ ಗುಣ ಬಿಟ್ಟು ಪೆಡಸಾಗುತ್ತದೆ. ಸ್ವಿಟ್ಜರ್ಲೆಂಡಿನ ಮಾಕ್ಸ್ ಶೂಪ್ 20ನೇ ಶತಮಾನದ ಆರಂಭದಲ್ಲಿ ಕರಗಿದ ಲೋಹವನ್ನು ಸಿಂಪಡಿಸಿ ತೋರಿಸಿದ. ಅಲ್ಲಿಂದ ಮುಂದಿನ ಕತೆಯೆಲ್ಲ ಶಾಖದಿಂದ ವೇಗದ ಕಡೆಗೆ ನಡೆದದ್ದು. 1950ರ ದಶಕದಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿ ಕೊಳವೆಯೊಳಗೆ ಅನಿಲವನ್ನು ಮತ್ತೆ ಮತ್ತೆ ಸ್ಫೋಟಿಸಿ ಪುಡಿಯನ್ನು ಹಾರಿಸುವ ಗನ್ ತಂದಿತು. 1980ರ ದಶಕದಲ್ಲಿ ಅಮೆರಿಕದ ಜೇಮ್ಸ್ ಬ್ರೌನಿಂಗ್ ನಿಲ್ಲದೆ ಉರಿಯುವ ಅತಿವೇಗದ ಗನ್ ರೂಪಿಸಿದ. ಕಿಂಡಿಯಾಚೆ ಮೊರೆಯುತ್ತಿರುವುದು ಅದರದೇ ಸಂತತಿ.

ಬೇಯಿಸಿದ ಗುಂಡಿಗೂ ಸಿಂಪಡಿಸಿದ ಹೊದಿಕೆಗೂ ಒಂದು ವ್ಯತ್ಯಾಸವಿದೆ, ಅದನ್ನು ಮರೆತವರು ದುಡ್ಡು ಕಳೆದುಕೊಳ್ಳುತ್ತಾರೆ. ಗುಂಡಿಯಲ್ಲಿ ಕೋಬಾಲ್ಟ್ ಎಲ್ಲ ಸಂದಿಗೂ ಹರಿದು ತುಂಬಿದೆ. ಹೊದಿಕೆಯಲ್ಲಿ ಚಪ್ಪಟೆ ಹನಿಗಳ ನಡುವೆ ಗಡಿಗಳಿವೆ, ಅಲ್ಲಲ್ಲಿ ಸೂಜಿಮೊನೆಯಷ್ಟೂ ಇಲ್ಲದ ರಂಧ್ರಗಳಿವೆ. ಒಳ್ಳೆಯ ಹೊದಿಕೆಯ ಗಡಸುತನ ವಿಕರ್ಸ್ ಅಳತೆಯಲ್ಲಿ ಸಾವಿರದಿಂದ ಸಾವಿರದ ಮುನ್ನೂರು. ಬೆಣಚಿನದೂ ಆ ಸುತ್ತಿನಲ್ಲೇ ಇದೆ. ಹಾಗಾಗಿ ಸವೆತ ಎರಡು ದಾರಿಯಲ್ಲಿ ಬರುತ್ತದೆ. ಕೋಬಾಲ್ಟ್ ಅರೆದು ಹರಳು ಕಿತ್ತು ಬರುವುದು ಒಂದು. ಹನಿಗಳ ಗಡಿಯಲ್ಲಿ ಬಿರುಕು ಓಡಿ ಇಡೀ ಚಕ್ಕೆಯೇ ಏಳುವುದು ಇನ್ನೊಂದು. ಇದನ್ನು ಅಳೆಯಲು ತುಂಡಿನ ಮೇಲೆ ರಬ್ಬರ್ ಗಾಲಿ ಒತ್ತಿ ತಿರುಗಿಸಿ, ನಡುವೆ ಒಣ ಬೆಣಚುಮರಳು ಸುರಿಸುತ್ತಾರೆ. ಮೊದಲಿನ ತೂಕದಲ್ಲಿ ಆಮೇಲಿನ ತೂಕ ಕಳೆದರೆ ಉತ್ತರ ಸಿಕ್ಕಿತು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಬಾಯ್ಲರ್ ಉಕ್ಕಿನ ಮೇಲಿನ ಇಂಥ ಹೊದಿಕೆಗಳ ಬಗ್ಗೆ ವರ್ಷಗಳಿಂದ ಸಂಶೋಧನೆ ನಡೆದಿದೆ.

ಕೋಣೆಯ ಒಂದು ಗೋಡೆಯ ತುಂಬ ಧೂಳು ಎಳೆಯುವ ಜಾಲರಿ ಇದೆ. ಅಂಟದೆ ಉಳಿದ ಕೋಬಾಲ್ಟ್, ಟಂಗ್‌ಸ್ಟನ್ ಪುಡಿಯೂ ಎದೆಗೆ ಕೆಟ್ಟದ್ದೆಂದು ಫಿಲ್ಟರಿಗೆ ಹೋಗುತ್ತದೆ. ಅದನ್ನು ನೋಡುವಾಗ ಪೆನ್ನಾಗರಂ ಹೊಲದ ಹುಡುಗರ ಟವೆಲ್ಲು ನೆನಪಾಗುತ್ತದೆ.

ರೆಕ್ಕೆಗಳು ಎದುರಿಸಬೇಕಾದದ್ದು ಏನೆಂದು ತಿಳಿಯಲು ಮೆಟ್ಟೂರಿಗೆ ನಡೆಯಿರಿ. 1934ರಲ್ಲಿ ಮುಗಿದ ಅಣೆಕಟ್ಟು ಒಂದು ಕಡೆ, ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ಇನ್ನೊಂದು ಕಡೆ. ಅಲ್ಲಿ 210 ಮೆಗಾವಾಟಿನ ನಾಲ್ಕು ಘಟಕ, 600 ಮೆಗಾವಾಟಿನ ಒಂದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತೈದು ನಲವತ್ತು ಭಾಗ ಬೂದಿ, ಆ ಬೂದಿಯಲ್ಲಿ ಮತ್ತೆ ಬೆಣಚು. 210 ಮೆಗಾವಾಟಿನ ಘಟಕ ದಿನಕ್ಕೆ ಮೂರು ಸಾವಿರ ಟನ್ನಿನ ಆಸುಪಾಸು ಸುಟ್ಟರೆ ಸಾವಿರ ಟನ್ನಿಗೂ ಮಿಕ್ಕಿ ಬೂದಿ ಹೊರಬರುತ್ತದೆ. ಬಹುಪಾಲನ್ನು ವಿದ್ಯುತ್ ಶೋಧಕಗಳು ಹಿಡಿದುಕೊಳ್ಳುತ್ತವೆ. ತಪ್ಪಿಸಿಕೊಂಡದ್ದು ಫ್ಯಾನಿನ ರೆಕ್ಕೆಗೆ ಬಡಿಯುತ್ತದೆ. ವೇಗ ಎರಡರಷ್ಟಾದರೆ ಸವೆತ ಎಂಟರಷ್ಟರವರೆಗೂ ಏರುತ್ತದೆ, ಆದ್ದರಿಂದ ರೆಕ್ಕೆಯ ತುದಿಗೇ ಹೆಚ್ಚು ಏಟು.

ಬೂದಿ ಯಾವ ಕೋನದಲ್ಲಿ ಬಡಿಯುತ್ತದೆ ಎನ್ನುವುದೂ ಮುಖ್ಯ. ಮೆತ್ತಗಿನ ಉಕ್ಕಿಗೆ ಓರೆಯಾಗಿ, ಇಪ್ಪತ್ತು ಮೂವತ್ತು ಡಿಗ್ರಿಯಲ್ಲಿ ಸವರಿ ಹೋಗುವ ಕಣ ಅತಿ ಅಪಾಯ, ಅದು ಉಳಿಯ ಹಾಗೆ ಕೆತ್ತುತ್ತದೆ. ಕಾರ್ಬೈಡ್ ಹೊದಿಕೆ ಅಂಥ ಕಣವನ್ನು ತಡೆಯುತ್ತದೆ. ನೇರ ಎದುರಿಗೆ ಬಂದು ಗುದ್ದುವುದನ್ನು ತಡೆಯುವುದು ಅದಕ್ಕೆ ಕಷ್ಟ. ಅದಕ್ಕೇ ರೆಕ್ಕೆಯ ಬೆನ್ನಿನ ಮೇಲೆ ಹೊದಿಕೆ ನಿಂತರೂ ಗಾಳಿ ಸೀಳುವ ಮುಂಚೂಣಿಯ ಅಂಚಿನಲ್ಲಿ ಮೊದಲು ಚಕ್ಕೆ ಏಳುತ್ತದೆ. ಬಾಯ್ಲರಿನೊಳಗಿನ ಕೊಳವೆಗಳಿಗೆ ಪುಡಿಯೇ ಬೇರೆ. ಟಂಗ್‌ಸ್ಟನ್ ಕಾರ್ಬೈಡ್ 500 ಡಿಗ್ರಿ ದಾಟಿದರೆ ಗಾಳಿಗೆ ಸುಟ್ಟುಹೋಗುತ್ತದೆ. ಅಲ್ಲಿ ನಿಕ್ಕಲ್-ಕ್ರೋಮಿಯಂ ಕಟ್ಟಿದ ಕ್ರೋಮಿಯಂ ಕಾರ್ಬೈಡ್ ಬಳಸಬೇಕು. ಗಡಸಿನಲ್ಲಿ ಅದು ಒಂದು ಮೆಟ್ಟಿಲು ಕೆಳಗೆ, ಆದರೆ 800 ಡಿಗ್ರಿಯಲ್ಲೂ ತಾಳುತ್ತದೆ.

ಓವರ್‌ಹಾಲ್ ನಡೆಯುವ ದಿನಗಳಲ್ಲಿ ಇಂಥ ಸ್ಥಾವರದ ಫ್ಯಾನಿನ ಗೂಡಿನೊಳಗೆ ಬಗ್ಗಿ ಹೋದರೆ ಬೆಲ್ಟು ಕಟ್ಟಿಕೊಂಡ ಇಬ್ಬರು ರೆಕ್ಕೆಗಳ ಮೇಲೆ ಟಾರ್ಚು ಓರೆಯಾಗಿ ಹಿಡಿದಿರುತ್ತಾರೆ. ಓರೆ ಬೆಳಕಿಗೆ ಸವೆದ ಜಾಗ ಅಲೆಅಲೆಯಾಗಿ ಎದ್ದು ಕಾಣುತ್ತದೆ. ಒಬ್ಬ ದಪ್ಪ ಅಳೆದು ಕೂಗುತ್ತಾನೆ, ಇನ್ನೊಬ್ಬ ಸೀಮೆಸುಣ್ಣದಲ್ಲಿ ರೆಕ್ಕೆಯ ಮೇಲೇ ಬರೆಯುತ್ತಾನೆ. ಉಕ್ಕು ಬಯಲಾದವನ್ನು ಬಿಚ್ಚಿ ಕೆಳಗಿಡುತ್ತಾರೆ. ಅವುಗಳ ಹಳೆಯ ಹೊದಿಕೆ ಕಿತ್ತು, ಮತ್ತೆ ಹರಳು ಹೊಡೆದು ಒರಟು ಮಾಡಿ, ಮತ್ತೆ ಸಿಂಪಡಿಸಬೇಕು. ಉಳಿದ ರೆಕ್ಕೆಗಳನ್ನು ತೂಗಿ, ಎದುರುಬದುರಿನ ಜೋಡಿಗಳ ತೂಕ ಸರಿಹೊಂದಿಸಿ, ಬೋಲ್ಟು ಬಿಗಿಯುತ್ತಾರೆ. ಅಳತೆಗಳು ರಿಜಿಸ್ಟರಿಗೆ ಏರುತ್ತವೆ. ಮುಂದಿನ ಓವರ್‌ಹಾಲಿನಲ್ಲಿ ಗೇಜು ಅದೇ ಜಾಗಗಳ ಮೇಲೆ ಕೂರಬೇಕು.